ಲೋಹ–ನಾರು ಪದರ ವಸ್ತುಗಳ ಆಘಾತ ಸಹಿಷ್ಣುತೆ: ಚಿಕ್ಕೋಡಿ ಸೀಮೆಯ ಚಕ್ಕಡಿ ಗಾಲಿಯ ನೆಲೆಯಿಂದ ಒಂದು ವಿವೇಚನೆ

ಪೀಠಿಕೆ

ಬೆಳಗಾವಿ ಜಿಲ್ಲೆಯ ಉತ್ತರ ಭಾಗದಲ್ಲಿರುವ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ಆಶ್ರಯದಲ್ಲಿ ಬೆಳೆದ ಕೃಷಿ ಪ್ರದೇಶಗಳು. ಇಂದು ಕಾಗವಾಡ ತಾಲೂಕಿಗೆ ಸೇರಿರುವ ಉಗಾರ ಖುರ್ದದಲ್ಲಿ 1939ರಷ್ಟು ಹಿಂದೆಯೇ ಸಕ್ಕರೆ ಉದ್ಯಮ ಕಾಲಿಟ್ಟಿತು. ಹೊಲದಿಂದ ಕಾರ್ಖಾನೆಯವರೆಗೆ ಕಬ್ಬನ್ನು ಹೊತ್ತು ತಂದ ವಾಹನಗಳಲ್ಲಿ ಚಕ್ಕಡಿಗೆ ದೊಡ್ಡ ಪಾಲಿದೆ. ಎರೆಭೂಮಿಯ ಕೊರಕಲು ದಾರಿ, ಹಳ್ಳದ ಕಲ್ಲು, ಏರುತಗ್ಗುಗಳ ಮೇಲೆ ಭಾರ ಹೊತ್ತು ಸಾಗುವ ಗಾಲಿಗೆ ಹೆಜ್ಜೆಹೆಜ್ಜೆಗೂ ಪೆಟ್ಟು ಬೀಳುತ್ತದೆ. ಆ ಪೆಟ್ಟನ್ನು ಬರಿಯ ಮರದ ಗಾಲಿ ಬಹುಕಾಲ ತಾಳಲಾರದು. ಅಷ್ಟೇ ಗಾತ್ರದ ಬರಿಯ ಕಬ್ಬಿಣದ ಗಾಲಿಯನ್ನು ಎತ್ತುಗಳು ಎಳೆಯಲಾರವು. ಮರದ ಮೇಲೆ ಕಬ್ಬಿಣದ ಪಟ್ಟಿಯನ್ನು ಬಿಗಿದು ಈ ಸಮಸ್ಯೆಗೆ ಬಡಿಗರೂ ಕಮ್ಮಾರರೂ ಶತಮಾನಗಳ ಹಿಂದೆಯೇ ಪರಿಹಾರ ಕಂಡುಕೊಂಡಿದ್ದರು.

ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ವಿಮಾನ ತಂತ್ರಜ್ಞಾನವೂ ಇದೇ ಬಗೆಯ ಪ್ರಶ್ನೆಯನ್ನು ಎದುರಿಸಿತು. ಲೋಹಕ್ಕಿಂತ ಹಗುರವಾಗಿರಬೇಕು, ಆದರೆ ಪೆಟ್ಟು ತಾಳಬೇಕು ಎಂಬ ಎರಡು ಬೇಡಿಕೆಗಳನ್ನು ಒಟ್ಟಿಗೆ ಪೂರೈಸಲು ಹೊರಟಾಗ ರೂಪುಗೊಂಡುದೇ ಲೋಹದ ತೆಳು ತಗಡು ಮತ್ತು ನಾರಿನ ಪದರಗಳನ್ನು ಒಂದರ ಮೇಲೊಂದು ಬೆಸೆದು ತಯಾರಿಸುವ ಪದರ ವಸ್ತು. ಇಂತಹ ವಸ್ತುಗಳ ಆಘಾತ ಸಹಿಷ್ಣುತೆಯ ಸ್ವರೂಪವನ್ನು ಪ್ರಸ್ತುತ ಲೇಖನದಲ್ಲಿ ವಿವೇಚಿಸಲಾಗಿದೆ. ವಸ್ತುವಿನ ಆಘಾತ ಸಹಿಷ್ಣುತೆಯನ್ನು ಅದರ ಗಡಸುತನವೊಂದೇ ನಿರ್ಧರಿಸುವುದಿಲ್ಲ. ಪದರಗಳ ನಡುವಿನ ಬೆಸುಗೆ ಎಷ್ಟು ಗಟ್ಟಿ, ಮತ್ತು ಒಳಗೆ ಆದ ಹಾನಿ ಹೊರಗೆ ಎಷ್ಟು ಗೋಚರಿಸುತ್ತದೆ ಎಂಬ ಎರಡು ಅಂಶಗಳು ಅಷ್ಟೇ ನಿರ್ಣಾಯಕವೆಂಬುದು ಇಲ್ಲಿನ ಪ್ರತಿಪಾದನೆ.

ಆಘಾತದ ಸ್ವರೂಪ

ಒಂದು ಹಲಗೆಯ ಮೇಲೆ ಭಾರವನ್ನು ನಿಧಾನವಾಗಿ ಇರಿಸುವುದಕ್ಕೂ ಅದೇ ಭಾರವನ್ನು ಎತ್ತರದಿಂದ ಬೀಳಿಸುವುದಕ್ಕೂ ವ್ಯತ್ಯಾಸವಿದೆ. ಮೊದಲನೆಯ ಸಂದರ್ಭದಲ್ಲಿ ಹಲಗೆ ಎಷ್ಟು ಬಲವನ್ನು ತಾಳುತ್ತದೆ ಎಂಬುದು ಪ್ರಶ್ನೆ. ಎರಡನೆಯದರಲ್ಲಿ ಕ್ಷಣಾರ್ಧದಲ್ಲಿ ಬಂದೆರಗುವ ಶಕ್ತಿಯನ್ನು ಹಲಗೆ ಎಲ್ಲಿ, ಹೇಗೆ ವ್ಯಯಿಸುತ್ತದೆ ಎಂಬುದು ಪ್ರಶ್ನೆ. ಚಲಿಸುವ ವಸ್ತುವಿನ ಶಕ್ತಿಯು ಅದರ ದ್ರವ್ಯರಾಶಿಗೂ ವೇಗದ ವರ್ಗಕ್ಕೂ ಅನುಗುಣವಾಗಿರುತ್ತದೆ. ಅರ್ಧ ಕಿಲೋಗ್ರಾಂ ತೂಕದ ಸುತ್ತಿಗೆ ಎರಡು ಮೀಟರ್ ಎತ್ತರದಿಂದ ಕೈಜಾರಿ ಬಿದ್ದರೆ ಅದರ ಶಕ್ತಿ ಸುಮಾರು 10 ಜೌಲ್. ಸೆಕೆಂಡಿಗೆ 100 ಮೀಟರ್ ವೇಗದಲ್ಲಿ ಹಾರುವ ವಿಮಾನಕ್ಕೆ 1.8 ಕಿಲೋಗ್ರಾಂ ತೂಕದ ಹಕ್ಕಿ ಎದುರಾಗಿ ಬಡಿದರೆ ಆ ಶಕ್ತಿ 9,000 ಜೌಲ್.

ಈ ಎರಡು ಉದಾಹರಣೆಗಳ ನಡುವೆ ಬರುವುದು ಆಲಿಕಲ್ಲು. ಬೇಸಿಗೆಯ ಕೊನೆಗೆ ಬೀಳುವ ಆಲಿಕಲ್ಲು ಮಳೆ ಅಥಣಿ ಭಾಗದ ದ್ರಾಕ್ಷಿ ಬೆಳೆಗಾರರಿಗೆ ಅಪರಿಚಿತವಲ್ಲ. ಎರಡೂವರೆ ಸೆಂಟಿಮೀಟರ್ ವ್ಯಾಸದ ಆಲಿಕಲ್ಲಿನ ತೂಕ ಏಳೆಂಟು ಗ್ರಾಂ ಇದ್ದು, ನೆಲ ಮುಟ್ಟುವಾಗ ಅದರ ಶಕ್ತಿ ಸುಮಾರು ಎರಡು ಜೌಲ್ ಆಗಿರುತ್ತದೆ. ವ್ಯಾಸ ಇಮ್ಮಡಿಯಾದರೆ ತೂಕ ಎಂಟು ಪಟ್ಟಾಗುತ್ತದೆ. ಬೀಳುವ ವೇಗವೂ ಹೆಚ್ಚುವುದರಿಂದ ಶಕ್ತಿ ಸುಮಾರು ಹದಿನಾರು ಪಟ್ಟಾಗುತ್ತದೆ. ನಿಲ್ದಾಣದಲ್ಲಿ ನಿಂತ ವಿಮಾನವನ್ನೂ ಹೊಲದಲ್ಲಿರುವ ಬಳ್ಳಿಯನ್ನೂ ಹಾಳುಮಾಡುವುದು ಆಲಿಕಲ್ಲುಗಳ ಸಂಖ್ಯೆಗಿಂತ ಹೆಚ್ಚಾಗಿ ಅವುಗಳ ಗಾತ್ರ ಎಂಬುದಕ್ಕೆ ಇದೇ ಕಾರಣ.

ಆಘಾತಗಳನ್ನು ಸಾಮಾನ್ಯವಾಗಿ ಅಲ್ಪವೇಗ, ಮಧ್ಯಮವೇಗ ಮತ್ತು ಅತಿವೇಗ ಎಂದು ವಿಂಗಡಿಸಲಾಗುತ್ತದೆ. ಉಪಕರಣ ಬೀಳುವುದು ಅಲ್ಪವೇಗದ ಆಘಾತ, ಓಡುದಾರಿಯ ಕಲ್ಲು ಚಕ್ರಕ್ಕೆ ಸಿಕ್ಕು ಸಿಡಿಯುವುದು ಮಧ್ಯಮವೇಗದ್ದು, ಗುಂಡೇಟು ಅತಿವೇಗದ್ದು. ಅತಿವೇಗದ ಪೆಟ್ಟು ರಂಧ್ರ ಮಾಡಿ ಹೋಗುವುದರಿಂದ ಹಾನಿ ಎದ್ದು ಕಾಣುತ್ತದೆ. ಅಲ್ಪವೇಗದ ಪೆಟ್ಟು ಮೇಲ್ಮೈಯಲ್ಲಿ ಗುರುತೇ ಉಳಿಸದೆ ಒಳಗನ್ನು ಕೆಡಿಸಬಲ್ಲದು. ಸಂಶೋಧಕರು ಸುತ್ತಿಗೆಯ ಪೆಟ್ಟಿಗೂ ಗುಂಡೇಟಿನಷ್ಟೇ ಮಹತ್ತ್ವ ಕೊಟ್ಟು ಅಧ್ಯಯನ ಮಾಡಲು ಇದೇ ಕಾರಣವಾಗಿದೆ.

ಚಕ್ಕಡಿಯ ಗಾಲಿ: ಒಂದು ಪೂರ್ವರೂಪ

ಮರವು ನಿಸರ್ಗವೇ ನಿರ್ಮಿಸಿದ ನಾರಿನ ಸಂಯೋಜಿತ ವಸ್ತು. ಸೆಲ್ಯುಲೋಸ್ ಎಂಬ ಗಟ್ಟಿ ಎಳೆಗಳನ್ನು ಲಿಗ್ನಿನ್ ಎಂಬ ಅಂಟು ಹಿಡಿದಿಟ್ಟಿರುತ್ತದೆ. ಎಳೆಯ ದಿಕ್ಕಿನಲ್ಲಿ ಎಳೆದರೆ ಮರ ಬಹಳ ಬಲಶಾಲಿ. ಎಳೆಗೆ ಅಡ್ಡಲಾಗಿ ಸೀಳಿದರೆ ದುರ್ಬಲ. ದಖ್ಖನ್ನಿನ ಬಡಿಗರು ಗಾಲಿಗೆ ಜಾಲಿಯ ಮರವನ್ನು ಆರಿಸಿಕೊಂಡುದು ಅದರ ಗಟ್ಟಿತನ ಮತ್ತು ಬಿಗಿಯಾದ ಹೆಣಿಗೆಗಾಗಿ. ಗಾಲಿಯ ಅಂಚಿನ ಬಾಗಿದ ತುಂಡುಗಳು ನೆಲದ ಕಲ್ಲಿಗೆ ನೇರವಾಗಿ ತಗುಲಿದರೆ ಎಳೆಗಳು ಜಜ್ಜಿ ಸೀಳುತ್ತವೆ. ಆ ಅಂಚಿನ ಮೇಲೆ ಹೊದಿಸುವ ಕಬ್ಬಿಣದ ಪಟ್ಟಿಯೇ ಹಳಿ.

ಹಳಿಯನ್ನು ಗಾಲಿಯ ಸುತ್ತಳತೆಗಿಂತ ತುಸು ಕಿರಿದಾಗಿ ಮಾಡಿ, ಬೆಂಕಿಯಲ್ಲಿ ಕಾಯಿಸಿ ಹಿಗ್ಗಿಸಿ, ಗಾಲಿಗೆ ತೊಡಿಸಿ, ಕೂಡಲೇ ನೀರು ಸುರಿದು ತಣಿಸಲಾಗುತ್ತದೆ. ಒಂದೂವರೆ ಮೀಟರ್ ವ್ಯಾಸದ ಗಾಲಿಯ ಸುತ್ತಳತೆ ಸುಮಾರು 4.7 ಮೀಟರ್. ಅಷ್ಟು ಉದ್ದದ ಕಬ್ಬಿಣದ ಪಟ್ಟಿಯ ಉಷ್ಣತೆಯನ್ನು 500 ಡಿಗ್ರಿ ಸೆಲ್ಸಿಯಸ್‌ನಷ್ಟು ಏರಿಸಿದರೆ ಅದು ಸುಮಾರು 28 ಮಿಲಿಮೀಟರ್ ಉದ್ದವಾಗುತ್ತದೆ. ವ್ಯಾಸದಲ್ಲಿ ಸುಮಾರು ಒಂಬತ್ತು ಮಿಲಿಮೀಟರ್ ಸಡಿಲ ಸಿಗುತ್ತದೆ. ತಣಿಯುವಾಗ ಕಬ್ಬಿಣ ಕುಗ್ಗಲು ಯತ್ನಿಸುತ್ತದೆ, ಮರ ಅಡ್ಡ ನಿಲ್ಲುತ್ತದೆ. ಪರಿಣಾಮವಾಗಿ ಕಬ್ಬಿಣ ಎಳೆತದಲ್ಲಿಯೂ ಮರ ಒತ್ತಡದಲ್ಲಿಯೂ ಉಳಿಯುತ್ತವೆ. ಈ ಒತ್ತಡವೇ ಅಂಚಿನ ತುಂಡುಗಳನ್ನೂ ಅರೆಕಾಲುಗಳನ್ನೂ ಒಂದಕ್ಕೊಂದು ಅದುಮಿ ಹಿಡಿದು ಇಡೀ ಗಾಲಿಯನ್ನು ಒಂದೇ ವಸ್ತುವಿನಂತೆ ವರ್ತಿಸುವಂತೆ ಮಾಡುತ್ತದೆ.

ಕಲ್ಲಿಗೆ ಬಡಿದಾಗ ಹಳಿಯು ಪೆಟ್ಟನ್ನು ಒಂದು ಬಿಂದುವಿನಿಂದ ವಿಶಾಲ ಭಾಗಕ್ಕೆ ಹರಡುತ್ತದೆ. ಮರ ತುಸು ಬಾಗಿ ಶಕ್ತಿಯನ್ನು ಹೀರುತ್ತದೆ. ಕಬ್ಬಿಣದ ಮೇಲೆ ಮಾತ್ರ ತಗ್ಗು ಬಿದ್ದು ಪೆಟ್ಟಿನ ಗುರುತು ಉಳಿಯುತ್ತದೆ. ಆದರೆ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಹಳಿ ಸಡಿಲವಾಗುತ್ತದೆ. ಆಗ ಮರವೂ ಕಬ್ಬಿಣವೂ ಮೊದಲಿನಂತೆಯೇ ಗಟ್ಟಿಯಾಗಿದ್ದರೂ ಗಾಲಿ ದುರ್ಬಲವಾಗಿರುತ್ತದೆ. ಗಾಲಿಗಳನ್ನು ನೀರಿನಲ್ಲಿ ನೆನೆಸುವ ರೂಢಿ ಇದರಿಂದಲೇ ಹುಟ್ಟಿದ್ದು. ಹಳಿ ಬಿಗಿಯಾಗಿದೆಯೋ ಸಡಿಲವಾಗಿದೆಯೋ ಎಂಬುದನ್ನು ಬಡಿದಾಗ ಬರುವ ದನಿಯೇ ತಿಳಿಸುತ್ತದೆ. ಬಿಗಿದ ಹಳಿಯ ನಾದ ಸ್ಪಷ್ಟ, ಸಡಿಲಾದುದರ ದನಿ ಒಡಕು. ವಸ್ತುವಿನ ಬಲಕ್ಕಿಂತ ವಸ್ತುಗಳ ನಡುವಿನ ಹಿಡಿತ ಮುಖ್ಯ, ಆ ಹಿಡಿತ ತಪ್ಪಿದುದನ್ನು ಕಣ್ಣಿಗಿಂತ ಕಿವಿ ಮೊದಲು ಗುರುತಿಸುತ್ತದೆ ಎಂಬ ಈ ಎರಡು ತಿಳಿವುಗಳು ಮುಂದಿನ ವಿವೇಚನೆಗೆ ಆಧಾರವಾಗಿವೆ.

ಲೋಹ ಮತ್ತು ನಾರು: ಗುಣದೋಷಗಳು

ವಿಮಾನ ನಿರ್ಮಾಣದಲ್ಲಿ ಬಹುಕಾಲ ಪ್ರಧಾನವಾಗಿದ್ದುದು ಅಲ್ಯೂಮಿನಿಯಂ ಮಿಶ್ರಲೋಹ. ತಾಮ್ರ ಬೆರೆತ 2024 ಎಂಬ ಮಿಶ್ರಲೋಹದ ತಗಡು ತುಂಡಾಗುವ ಮೊದಲು ತನ್ನ ಉದ್ದದ ಶೇ. 15ಕ್ಕೂ ಹೆಚ್ಚು ಹಿಗ್ಗಬಲ್ಲದು. ಪೆಟ್ಟು ಬಿದ್ದಾಗ ಅದು ತಗ್ಗಾಗುತ್ತದೆ, ಆ ತಗ್ಗು ಶಾಶ್ವತವಾಗಿ ಉಳಿಯುತ್ತದೆ, ಶಕ್ತಿ ಅಲ್ಲಿಯೇ ವ್ಯಯವಾಗುತ್ತದೆ. ಅದರ ದೌರ್ಬಲ್ಯವಿರುವುದು ಲೋಹದ ದಣಿವಿನಲ್ಲಿ. ಪ್ರತಿ ಹಾರಾಟದಲ್ಲಿ ಒಳಗಿನ ಗಾಳಿಯ ಒತ್ತಡ ಏರಿ ಇಳಿಯುವುದರಿಂದ ಸಣ್ಣ ಬಿರುಕು ಹುಟ್ಟಿ, ಸಾವಿರಾರು ಹಾರಾಟಗಳಲ್ಲಿ ಕ್ರಮೇಣ ಬೆಳೆಯುತ್ತದೆ.

ನಾರಿನ ಸಂಯೋಜಿತ ವಸ್ತು ಇದಕ್ಕೆ ಪ್ರತಿಯಾದುದು. ಗಾಜಿನ, ಇಂಗಾಲದ ಅಥವಾ ಅರಾಮಿಡ್ ಎಂಬ ಕೃತಕ ಪಾಲಿಮರಿನ ಎಳೆಗಳನ್ನು ಎಪಾಕ್ಸಿ ರಾಳದಲ್ಲಿ ಹುದುಗಿಸಿ ಇದನ್ನು ತಯಾರಿಸಲಾಗುತ್ತದೆ. ಇದು ಹಗುರ, ದಣಿವನ್ನು ಚೆನ್ನಾಗಿ ತಾಳುತ್ತದೆ. ಆದರೆ ಇಂಗಾಲದ ಎಳೆ ಶೇ. 2ರಷ್ಟು ಹಿಗ್ಗುವ ಮೊದಲೇ ತುಂಡಾಗುತ್ತದೆ. ಲೋಹದಂತೆ ತಗ್ಗಾಗಿ ಶಕ್ತಿಯನ್ನು ವ್ಯಯಿಸುವ ಗುಣ ಅದಕ್ಕಿಲ್ಲ. ಅಲ್ಪವೇಗದ ಪೆಟ್ಟು ಬಿದ್ದಾಗ ತಟ್ಟೆ ಬಾಗಿ ಮರಳಿ ಮೊದಲಿನ ಸ್ಥಿತಿಗೆ ಬರುತ್ತದೆ, ಮೇಲ್ಮೈ ನುಣುಪಾಗಿಯೇ ಇರುತ್ತದೆ. ಒಳಗೆ ಮಾತ್ರ ರಾಳ ಬಿರಿದು, ಪದರಗಳು ಒಂದರಿಂದೊಂದು ಬಿಟ್ಟುಕೊಂಡಿರುತ್ತವೆ. ಪೆಟ್ಟು ಬಿದ್ದ ಬದಿಗಿಂತ ಹಿಂಬದಿಯ ಕಡೆಗೆ ಈ ಹಾನಿ ಅಗಲವಾಗುತ್ತ ಶಂಕುವಿನಾಕಾರದಲ್ಲಿ ಹರಡುವುದರಿಂದ, ಹೊರಗಿನಿಂದ ನೋಡುವವರಿಗೆ ಕಾಣುವುದು ಅದರ ಕಿರಿದಾದ ತುದಿ ಮಾತ್ರ. ಹೀಗೆ ಬಿಟ್ಟುಕೊಂಡ ಪದರಗಳ ಮೇಲೆ ಮುಂದೆ ಒತ್ತುಬಲ ಬಿದ್ದಾಗ ಅವು ಬೇರೆಬೇರೆಯಾಗಿ ಬಾಗಿ ಕುಸಿಯುತ್ತವೆ. ‘ಕಂಡೂ ಕಾಣದ ಆಘಾತ ಹಾನಿ’ ಎಂಬ ಅರ್ಥದ ಪಾರಿಭಾಷಿಕ ಪದವೊಂದು ವಿಮಾನಶಾಸ್ತ್ರದಲ್ಲಿ ರೂಢಿಗೆ ಬಂದಿರುವುದೇ ಈ ಸಮಸ್ಯೆಯ ಗಂಭೀರತೆಗೆ ಸಾಕ್ಷಿ.

ಪದರ ವಸ್ತುವಿನ ವಿಕಾಸ

ಲೋಹ ಮತ್ತು ನಾರುಗಳ ಗುಣಗಳನ್ನು ಕೂಡಿಸುವ ವ್ಯವಸ್ಥಿತ ಪ್ರಯತ್ನ ನಡೆದುದು ನೆದರ್ಲೆಂಡ್ಸ್ ದೇಶದಲ್ಲಿ. ಅಲ್ಲಿನ ಫೋಕರ್ ವಿಮಾನ ಸಂಸ್ಥೆ ಒಂದೇ ದಪ್ಪ ತಗಡಿನ ಬದಲು ಹಲವು ತೆಳು ತಗಡುಗಳನ್ನು ಅಂಟಿನಿಂದ ಬೆಸೆದು ಬಳಸುವ ಪದ್ಧತಿಯನ್ನು ರೂಢಿಸಿಕೊಂಡಿತ್ತು. ಒಂದು ಪದರದಲ್ಲಿ ಹುಟ್ಟಿದ ಬಿರುಕು ಅಂಟಿನ ಪದರವನ್ನು ದಾಟಿ ಮುಂದಿನ ತಗಡಿಗೆ ಹೋಗಲು ಬಹಳ ಕಾಲ ಬೇಕಾಗುತ್ತದೆ ಎಂಬುದು ಅದರ ಅನುಭವ. ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದ ಸಂಶೋಧಕರು 1970ರ ದಶಕದ ಕೊನೆಗೆ ಆ ಅಂಟಿನ ಪದರದಲ್ಲಿ ಅರಾಮಿಡ್ ಎಳೆಗಳನ್ನು ಹುದುಗಿಸಿ ‘ಅರಾಲ್’ ಎಂಬ ವಸ್ತುವನ್ನು ರೂಪಿಸಿದರು. 1980ರ ದಶಕದಲ್ಲಿ ಅರಾಮಿಡ್‌ಗೆ ಬದಲಾಗಿ ಗಾಜಿನ ಎಳೆಗಳನ್ನು ಬಳಸಿದ ‘ಗ್ಲೇರ್’ ಬಂದಿತು.

ಗ್ಲೇರ್‌ನಲ್ಲಿ ಪ್ರತಿ ಅಲ್ಯೂಮಿನಿಯಂ ತಗಡಿನ ದಪ್ಪ 0.2ರಿಂದ 0.5 ಮಿಲಿಮೀಟರ್, ಗಾಜಿನ ಎಳೆಯ ಒಂದೊಂದು ಪದರ ಸುಮಾರು 0.125 ಮಿಲಿಮೀಟರ್. ಮೂರು ತಗಡು, ಅವುಗಳ ನಡುವಿನ ಎರಡು ಸಂದಿಗಳಲ್ಲಿ ಒಂದಕ್ಕೊಂದು ಅಡ್ಡಲಾಗಿ ಹಾಸಿದ ಎರಡೆರಡು ಎಳೆಪದರ, ಇದು ಒಂದು ಸಾಮಾನ್ಯ ಜೋಡಣೆ. 0.3 ಮಿಲಿಮೀಟರ್ ತಗಡು ಬಳಸಿದರೆ ಒಟ್ಟು ದಪ್ಪ 1.4 ಮಿಲಿಮೀಟರ್ ಆಗುತ್ತದೆ. ಆಟೊಕ್ಲೇವ್ ಎಂಬ ಒತ್ತಡದ ಒಲೆಯಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇದನ್ನು ಪಕ್ವಗೊಳಿಸಲಾಗುತ್ತದೆ. ಅಷ್ಟೇ ದಪ್ಪದ ಅಲ್ಯೂಮಿನಿಯಂಗಿಂತ ಇದು ಸುಮಾರು ಶೇ. 10ರಷ್ಟು ಹಗುರ.

2005ರ ಏಪ್ರಿಲ್ 27ರಂದು ಮೊದಲ ಹಾರಾಟ ನಡೆಸಿದ ಏರ್‌ಬಸ್ ಎ380 ವಿಮಾನದ ಒಡಲಿನ ಮೇಲ್ಭಾಗದ ಹೊದಿಕೆಯಲ್ಲಿ ಗ್ಲೇರ್ ವ್ಯಾಪಕವಾಗಿ ಬಳಕೆಯಾಯಿತು. ಅದೇ ವಿಮಾನದ ಬಾಲದ ಮುಂಚೂಣಿ ಅಂಚುಗಳಿಗೂ ಇದನ್ನು ಬಳಸಲಾಯಿತು. ಹಕ್ಕಿ ಬಡಿಯುವ ಸಂಭವವಿರುವ ಭಾಗಕ್ಕೆ ಈ ವಸ್ತುವನ್ನು ಆರಿಸಿಕೊಂಡುದು ಅದರ ಆಘಾತ ಸಹಿಷ್ಣುತೆಯ ಮೇಲಿನ ವಿಶ್ವಾಸವನ್ನು ಸೂಚಿಸುತ್ತದೆ.

ಪೆಟ್ಟು ಬಿದ್ದಾಗ ನಡೆಯುವ ಕ್ರಿಯೆಗಳು

ಲೋಹ–ನಾರು ಪದರ ವಸ್ತುವಿನ ಮೇಲೆ ಪೆಟ್ಟು ಬಿದ್ದಾಗ ಶಕ್ತಿಯು ಹಲವು ದಾರಿಗಳಲ್ಲಿ ಹಂಚಿಹೋಗುತ್ತದೆ. ಮೊದಲಿಗೆ ಇಡೀ ತಟ್ಟೆ ಬಾಗುತ್ತದೆ. ಈ ಶಕ್ತಿ ಬಹುಮಟ್ಟಿಗೆ ಮರಳಿ ಬಂದು ಬಡಿದ ವಸ್ತುವನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಎರಡನೆಯದಾಗಿ ಲೋಹದ ಪದರಗಳು ತಗ್ಗಾಗಿ ಶಾಶ್ವತ ವಿರೂಪ ಹೊಂದುತ್ತವೆ. ಗ್ಲೇರ್‌ನಂತಹ ವಸ್ತುವಿನಲ್ಲಿ ಶಕ್ತಿಯ ಬಹುಪಾಲು ವ್ಯಯವಾಗುವುದು ಇಲ್ಲಿಯೇ. ಮೂರನೆಯದಾಗಿ ರಾಳ ಬಿರಿಯುತ್ತದೆ. ನಾಲ್ಕನೆಯದಾಗಿ ಪದರಗಳು ಬಿಟ್ಟುಕೊಳ್ಳುತ್ತವೆ. ಕೊನೆಗೆ ಎಳೆಗಳು ತುಂಡಾಗಿ, ಲೋಹ ಹರಿದು ರಂಧ್ರವಾಗುತ್ತದೆ.

ಈ ಕ್ರಮದಲ್ಲಿ ಗಾಜಿನ ಎಳೆಯ ಪಾತ್ರ ವಿಶೇಷವಾದುದು. ಅದು ಶೇ. 4ರಿಂದ 5ರಷ್ಟು ಹಿಗ್ಗಬಲ್ಲದಾದ್ದರಿಂದ ಲೋಹ ತಗ್ಗಾಗುವಾಗ ಅದರೊಡನೆ ಬಹುದೂರ ಸಾಗುತ್ತದೆ. ಮೇಲಾಗಿ ಎಳೆಯುವ ವೇಗ ಹೆಚ್ಚಿದಂತೆ ಗಾಜಿನ ಎಳೆಯ ಬಲವೂ ಹೆಚ್ಚುತ್ತದೆ. ನಿಧಾನ ಹೊರೆಗಿಂತ ಹಠಾತ್ ಪೆಟ್ಟಿಗೆ ಅದು ಗಟ್ಟಿಯಾಗಿ ಪ್ರತಿರೋಧ ಒಡ್ಡುತ್ತದೆ. ಇಂಗಾಲದ ಎಳೆಗೆ ಈ ಗುಣ ಬಹುಮಟ್ಟಿಗೆ ಇಲ್ಲ. ಲೋಹವು ಎಳೆಗಳನ್ನು ನೇರ ಪೆಟ್ಟಿನಿಂದ ಕಾಯುತ್ತದೆ, ಎಳೆಗಳು ಲೋಹ ಒಂದೇ ಕಡೆ ತೆಳುವಾಗಿ ಹರಿಯದಂತೆ ತಡೆದು ವಿರೂಪವನ್ನು ಅಗಲಕ್ಕೆ ಹರಡುತ್ತವೆ.

ಇಷ್ಟೇ ಮುಖ್ಯವಾದ ಇನ್ನೊಂದು ಸಂಗತಿಯಿದೆ. ಗ್ಲೇರ್‌ನಲ್ಲಿ ಪದರ ಬಿಡುವಿಕೆಯ ಹಾನಿಯು ಬಹುಮಟ್ಟಿಗೆ ಲೋಹದ ತಗ್ಗಿನ ವ್ಯಾಪ್ತಿಯೊಳಗೇ ಉಳಿಯುತ್ತದೆ. ತಗ್ಗನ್ನು ಕಂಡವನು ಹಾನಿಯನ್ನೂ ಕಂಡಂತಾಯಿತು. ಲೋಹದ ಮೇಲ್ಪದರವು ಕವಚವಾಗುವುದರ ಜೊತೆಗೆ ಪೆಟ್ಟಿನ ದಾಖಲೆಯೂ ಆಗುತ್ತದೆ. ವಿಮಾನವನ್ನು ನಿತ್ಯ ಪರಿಶೀಲಿಸುವ ಕೆಲಸಗಾರನ ದೃಷ್ಟಿಯಿಂದ ಇದರ ಬೆಲೆ ದೊಡ್ಡದು. ಬಲವಾದ ಆದರೆ ಹಾನಿಯನ್ನು ಬಚ್ಚಿಡುವ ವಸ್ತುವಿಗಿಂತ, ಹಾನಿಯನ್ನು ತಾನಾಗಿ ತೋರಿಸಿಕೊಡುವ ವಸ್ತು ಎಷ್ಟೋ ಸಂದರ್ಭಗಳಲ್ಲಿ ಹೆಚ್ಚು ಸುರಕ್ಷಿತ.

ಬೆಸುಗೆ ಮತ್ತು ಉಳಿಕೆ ಒತ್ತಡ

ಪದರ ವಸ್ತುವಿನ ಮರ್ಮಸ್ಥಾನ ಅದರ ಪದರಗಳ ನಡುವಿನ ಸಂದಿ. ಅಲ್ಯೂಮಿನಿಯಂ ಮೇಲ್ಮೈ ಗಾಳಿಗೆ ತೆರೆದ ಕೂಡಲೇ ಆಕ್ಸೈಡ್ ಪೊರೆ ಕಟ್ಟುತ್ತದೆ. ಸಹಜವಾಗಿ ಕಟ್ಟಿದ ಪೊರೆಯ ಮೇಲೆ ಅಂಟು ಬಹುಕಾಲ ನಿಲ್ಲದು. ಆದ್ದರಿಂದ ತಗಡನ್ನು ತೊಳೆದು, ಆಮ್ಲದ ತೊಟ್ಟಿಯಲ್ಲಿ ವಿದ್ಯುತ್ ಹಾಯಿಸಿ, ಸೂಕ್ಷ್ಮ ರಂಧ್ರಗಳುಳ್ಳ ಹೊಸ ಆಕ್ಸೈಡ್ ಪೊರೆಯನ್ನು ಬೆಳೆಸಲಾಗುತ್ತದೆ. ಅನೊಡೈಸಿಂಗ್ ಎಂಬ ಈ ಸಂಸ್ಕರಣೆಯ ನಂತರ ಅಂಟು ಆ ರಂಧ್ರಗಳೊಳಗೆ ಬೇರುಬಿಟ್ಟಂತೆ ಹಿಡಿಯುತ್ತದೆ. ಈ ಹಂತದಲ್ಲಿ ಬೆರಳಚ್ಚಿನ ಎಣ್ಣೆಯಷ್ಟು ಮಲಿನತೆಯಾದರೂ ಬೆಸುಗೆ ಕೆಡುತ್ತದೆ, ಕೆಟ್ಟುದು ಕಣ್ಣಿಗೆ ಕಾಣುವುದಿಲ್ಲ.

ಬೆಸುಗೆ ಕೆಟ್ಟರೆ ಏನಾಗಬಹುದೆಂಬುದಕ್ಕೆ 1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ ಹಾರುತ್ತಿದ್ದ ಅಲೋಹಾ ಏರ್‌ಲೈನ್ಸ್‌ನ ಬೋಯಿಂಗ್ 737 ವಿಮಾನದ ಅವಘಡ ಉದಾಹರಣೆ. ಆ ವಿಮಾನದ ಹೊದಿಕೆ ಪದರ ವಸ್ತುವಿನದಾಗಿರಲಿಲ್ಲ. ಅಲ್ಯೂಮಿನಿಯಂ ತಗಡುಗಳ ಅಂಚುಗಳನ್ನು ಒಂದರ ಮೇಲೊಂದಿರಿಸಿ ಅಂಟು ಮತ್ತು ರಿವೆಟ್‌ಗಳಿಂದ ಸೇರಿಸಲಾಗಿತ್ತು. ಅಂಟು ಬಿಟ್ಟು ತೇವ ಒಳಸೇರಿ ತುಕ್ಕು ಹಿಡಿದಾಗ ಭಾರವೆಲ್ಲ ರಿವೆಟ್‌ಗಳ ಮೇಲೆ ಬಿತ್ತು. ರಿವೆಟ್ ರಂಧ್ರಗಳ ಸುತ್ತ ದಣಿವಿನ ಬಿರುಕುಗಳು ಬೆಳೆದು ಒಂದಕ್ಕೊಂದು ಕೂಡಿಕೊಂಡವು. ಒಡಲಿನ ಮುಂಭಾಗದ ಮೇಲ್ಛಾವಣಿ ಹಾರಾಟದಲ್ಲಿಯೇ ಕಿತ್ತುಹೋಯಿತು. ವಿಮಾನ ಸಿಬ್ಬಂದಿಯೊಬ್ಬರು ಪ್ರಾಣ ಕಳೆದುಕೊಂಡರು. ಲೋಹ ತಾನಾಗಿ ದುರ್ಬಲವಾಗಿರಲಿಲ್ಲ, ಹಿಡಿತ ತಪ್ಪಿತ್ತು ಎಂಬುದು ಇಲ್ಲಿ ಗಮನಾರ್ಹ.

ಎರಡನೆಯ ಸೂಕ್ಷ್ಮ ಉಳಿಕೆ ಒತ್ತಡಕ್ಕೆ ಸಂಬಂಧಿಸಿದುದು. 120 ಡಿಗ್ರಿಯಲ್ಲಿ ಪಕ್ವವಾದ ತಟ್ಟೆ ಕೋಣೆಯ ಉಷ್ಣತೆಗೆ ಇಳಿಯುವಾಗ, ಉಷ್ಣತೆಯ ಇಳಿಕೆಯನ್ನು 100 ಡಿಗ್ರಿ ಎಂದಿಟ್ಟುಕೊಂಡರೆ, ಒಂದು ಮೀಟರ್ ಉದ್ದದ ಅಲ್ಯೂಮಿನಿಯಂ 2.3 ಮಿಲಿಮೀಟರ್ ಕುಗ್ಗಲು ಬಯಸುತ್ತದೆ. ಎಳೆಯ ದಿಕ್ಕಿನಲ್ಲಿ ಗಾಜಿನ ಪದರ ಕುಗ್ಗುವುದು ಅದರ ಮೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಎರಡೂ ಬೆಸೆದುಕೊಂಡಿರುವುದರಿಂದ ಲೋಹ ಎಳೆತದಲ್ಲಿಯೂ ನಾರು ಒತ್ತಡದಲ್ಲಿಯೂ ಉಳಿಯುತ್ತವೆ. ಹಳಿ ತೊಡಿಸಿದ ಗಾಲಿಯಲ್ಲಿ ಕಂಡ ಸ್ಥಿತಿಯೇ ಇದು. ಆದರೆ ಫಲ ಬೇರೆ. ಗಾಲಿಯಲ್ಲಿ ಆ ಎಳೆತ ಜೋಡಣೆಯನ್ನು ಬಿಗಿಗೊಳಿಸುವ ಉಪಕಾರಿ. ವಿಮಾನದ ತಟ್ಟೆಯಲ್ಲಿ ಲೋಹದ ಎಳೆತ ಬಿರುಕು ಬೇಗ ಹುಟ್ಟಲು ಅನುವು ಮಾಡಿಕೊಡುತ್ತದೆ. ಅರಾಲ್ ತಟ್ಟೆಗಳನ್ನು ಪಕ್ವಗೊಳಿಸಿದ ಮೇಲೆ ತುಸು ಹಿಗ್ಗಿಸಿ ಈ ದೋಷವನ್ನು ನಿವಾರಿಸುವ ಕ್ರಮವಿತ್ತು. ಗ್ಲೇರ್‌ನಲ್ಲಿ ಬಿರುಕು ಹುಟ್ಟಿದರೂ ಅದರ ಹಿಂದೆ ತುಂಡಾಗದೆ ಉಳಿದ ಎಳೆಗಳು ಸೇತುವೆಯಂತೆ ಎರಡು ದಡಗಳನ್ನು ಹಿಡಿದಿಡುವುದರಿಂದ ಅದು ಬಹಳ ನಿಧಾನವಾಗಿ ಬೆಳೆಯುತ್ತದೆ.

ಅಳೆಯುವ ಮತ್ತು ಪತ್ತೆ ಹಚ್ಚುವ ವಿಧಾನಗಳು

ಪ್ರಯೋಗಶಾಲೆಯಲ್ಲಿ ಆಘಾತ ಸಹಿಷ್ಣುತೆಯನ್ನು ಅಳೆಯಲು ತೂಕ ಬೀಳಿಸುವ ಪರೀಕ್ಷೆ ರೂಢಿಯಲ್ಲಿದೆ. ನಾರಿನ ಸಂಯೋಜಿತ ವಸ್ತುಗಳಿಗಾಗಿ ರೂಪಿಸಿದ ಎ.ಎಸ್.ಟಿ.ಎಂ. ಡಿ 7136 ಎಂಬ ಮಾನಕದಲ್ಲಿ 150 ಮಿಲಿಮೀಟರ್ ಉದ್ದ, 100 ಮಿಲಿಮೀಟರ್ ಅಗಲದ ತಟ್ಟೆಯನ್ನು ಚೌಕಟ್ಟಿಗೆ ಬಿಗಿದು, 16 ಮಿಲಿಮೀಟರ್ ವ್ಯಾಸದ ಅರ್ಧಗೋಲಾಕಾರದ ಮೂತಿಯುಳ್ಳ ಉಕ್ಕಿನ ತೂಕವನ್ನು ಅದರ ನಡುವೆ ಬೀಳಿಸಲಾಗುತ್ತದೆ. ತಟ್ಟೆಯ ಪ್ರತಿ ಮಿಲಿಮೀಟರ್ ದಪ್ಪಕ್ಕೆ 6.7 ಜೌಲ್ ಶಕ್ತಿಯನ್ನು ಅದು ಸೂಚಿಸುತ್ತದೆ. ಐದು ಮಿಲಿಮೀಟರ್ ದಪ್ಪದ ತಟ್ಟೆಗೆ 33.5 ಜೌಲ್ ಬೇಕಾಗುತ್ತದೆ, 5.5 ಕಿಲೋಗ್ರಾಂ ತೂಕವನ್ನು ಸುಮಾರು 62 ಸೆಂಟಿಮೀಟರ್ ಎತ್ತರದಿಂದ ಬಿಟ್ಟರೆ ಅಷ್ಟು ಶಕ್ತಿ ದೊರೆಯುತ್ತದೆ. ಬಳಿಕ ಅದೇ ತಟ್ಟೆಯನ್ನು ಅಂಚುಗಳಿಂದ ಒತ್ತಿ ಉಳಿದ ಬಲವೆಷ್ಟೆಂದು ಅಳೆಯುವುದು ಇನ್ನೊಂದು ಮಾನಕ. ಪೆಟ್ಟನ್ನು ತಾಳಿತೇ ಎಂಬ ಪ್ರಶ್ನೆ ಮೊದಲನೆಯದು. ತಾಳಿದ ಮೇಲೆ ದುಡಿಯಲು ಯೋಗ್ಯವಾಗಿ ಉಳಿದಿದೆಯೇ ಎಂಬುದು ಎರಡನೆಯದು. ಎರಡನ್ನೂ ಒಟ್ಟಿಗೆ ನೋಡದೆ ವಸ್ತುವಿನ ಮೌಲ್ಯಮಾಪನ ಪೂರ್ಣವಾಗದು.

ಬಳಕೆಯಲ್ಲಿರುವ ವಿಮಾನದಲ್ಲಿ ಒಳಹಾನಿಯನ್ನು ಪತ್ತೆ ಹಚ್ಚಲು ಶ್ರವಣಾತೀತ ತರಂಗಗಳ ವಿಧಾನ ಪ್ರಮುಖವಾದುದು. ಬಿಟ್ಟುಕೊಂಡ ಪದರಗಳ ನಡುವಿನ ಗಾಳಿಯ ಸಂದಿ ಎಷ್ಟೇ ತೆಳುವಾಗಿದ್ದರೂ ತರಂಗವನ್ನು ಬಹುತೇಕ ಪೂರ್ತಿಯಾಗಿ ಹಿಂದಿರುಗಿಸುತ್ತದೆ. ಪ್ರತಿಧ್ವನಿ ಬಂದ ಸಮಯದಿಂದ ಹಾನಿಯ ಆಳ ತಿಳಿಯುತ್ತದೆ. ಇದರ ಜೊತೆಗೆ ಇಂದಿಗೂ ಬಳಕೆಯಲ್ಲಿರುವ ಸರಳ ವಿಧಾನವೆಂದರೆ ಬಡಿದು ಕೇಳುವುದು. ನಾಣ್ಯದಿಂದಲೋ ಚಿಕ್ಕ ಸುತ್ತಿಗೆಯಿಂದಲೋ ತಟ್ಟೆಯನ್ನು ಸಾಲಾಗಿ ತಟ್ಟುತ್ತ ಹೋಗಲಾಗುತ್ತದೆ. ಗಟ್ಟಿ ಬೆಸೆದ ಭಾಗ ಸ್ಪಷ್ಟ ದನಿ ಕೊಡುತ್ತದೆ. ಬಿಟ್ಟುಕೊಂಡ ಭಾಗದ ಬಿಗಿತ ಕಡಿಮೆಯಾಗಿರುವುದರಿಂದ ಅದರ ದನಿ ಮಂದ. ಮೇಲ್ಮೈಗೆ ಸಮೀಪವಿರುವ ಹಾನಿಗೆ ಮಾತ್ರ ಈ ವಿಧಾನ ಸಾಕು. ದಪ್ಪ ತಟ್ಟೆಯ ಆಳದ ಹಾನಿಗೆ ಸಾಲದು. ಹಿಂದೆ ರೈಲುಗಾಡಿ ನಿಲ್ದಾಣದಲ್ಲಿ ನಿಂತಾಗ ಚಕ್ರಗಳನ್ನು ಉದ್ದ ಹಿಡಿಕೆಯ ಸುತ್ತಿಗೆಯಿಂದ ಬಡಿದು ಪರೀಕ್ಷಿಸುವ ಪದ್ಧತಿಯಿತ್ತು. ರೈಲು ಚಕ್ರ, ಚಕ್ಕಡಿಯ ಹಳಿ, ವಿಮಾನದ ತಟ್ಟೆ ಮೂರರಲ್ಲಿಯೂ ಭೌತಶಾಸ್ತ್ರ ಒಂದೇ.

ಮಿತಿಗಳು

ಈ ವಸ್ತುವಿನ ಗುಣಗಳ ಜೊತೆಗೆ ಮಿತಿಗಳನ್ನೂ ಗಮನಿಸಬೇಕು. ತೆಳು ತಗಡುಗಳ ತಯಾರಿಕೆ, ಸಂಸ್ಕರಣೆ ಮತ್ತು ಕೈಯಿಂದ ಪದರ ಹಾಸುವ ಕೆಲಸಗಳಿಂದ ವೆಚ್ಚ ಅಧಿಕ. ಗ್ಲೇರ್‌ನ ಬಿಗಿತ ಅಲ್ಯೂಮಿನಿಯಂಗಿಂತ ಕಡಿಮೆ. ಗಾಜಿಗೆ ಬದಲು ಇಂಗಾಲದ ಎಳೆ ಬಳಸಿ ಬಿಗಿತ ಹೆಚ್ಚಿಸಬಹುದಾದರೂ, ತೇವವಿದ್ದಲ್ಲಿ ಇಂಗಾಲ ಮತ್ತು ಅಲ್ಯೂಮಿನಿಯಂ ವಿದ್ಯುತ್‌ಕೋಶದಂತೆ ವರ್ತಿಸಿ ಅಲ್ಯೂಮಿನಿಯಂ ಸವೆಯುತ್ತದೆ. ಅವುಗಳ ನಡುವೆ ಗಾಜಿನ ಪದರ ಅಥವಾ ಟೈಟಾನಿಯಂ ತಗಡಿನ ಬಳಕೆ ಇದಕ್ಕೆ ಸೂಚಿಸಲಾಗಿರುವ ಪರಿಹಾರ. ಎ380 ನಂತರ ಬಂದ ಎ350 ವಿಮಾನದ ಒಡಲಿಗೆ ಏರ್‌ಬಸ್ ಸಂಸ್ಥೆ ಇಂಗಾಲದ ನಾರಿನ ವಸ್ತುವನ್ನೇ ಆರಿಸಿತು; ಎ380 ತಯಾರಿಕೆ 2021ರಲ್ಲಿ ನಿಂತಿತು. ಹೀಗಾಗಿ ಲೋಹ–ನಾರು ಪದರ ವಸ್ತು ವಿಮಾನದ ಸರ್ವಸ್ವವಾಗದೆ, ಪೆಟ್ಟು ಮತ್ತು ದಣಿವು ಎರಡೂ ಕೂಡಿಬರುವ ಆಯ್ದ ಭಾಗಗಳ ವಸ್ತುವಾಗಿ ಉಳಿದಿದೆ. ಇಂಗಾಲದ ನಾರಿನ ವಿಮಾನಗಳು ಹೆಚ್ಚಿದಷ್ಟೂ ಕಾಣದ ಹಾನಿಯನ್ನು ಪತ್ತೆ ಹಚ್ಚುವ ಕೌಶಲದ ಅಗತ್ಯವೂ ಹೆಚ್ಚುತ್ತಿದೆ.

ಕರ್ನಾಟಕದ ನೆಲೆ ಮತ್ತು ಚಿಕ್ಕೋಡಿ ಸೀಮೆ

ನಾರಿನ ಸಂಯೋಜಿತ ವಸ್ತುಗಳ ಕ್ಷೇತ್ರದಲ್ಲಿ ಕರ್ನಾಟಕಕ್ಕೆ ದೀರ್ಘ ಅನುಭವವಿದೆ. 1959ರಲ್ಲಿ ಸ್ಥಾಪನೆಯಾದ, ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯವು ಹಂಸ ಎಂಬ ಲಘು ತರಬೇತಿ ವಿಮಾನವನ್ನು ಇಂತಹ ವಸ್ತುಗಳಿಂದಲೇ ರೂಪಿಸಿತು. 2001ರ ಜನವರಿ 4ರಂದು ಮೊದಲ ಬಾರಿಗೆ ಹಾರಿದ ತೇಜಸ್ ಲಘು ಯುದ್ಧವಿಮಾನದ ಚೌಕಟ್ಟಿನ ತೂಕದಲ್ಲಿ ಸುಮಾರು ಶೇ. 45ರಷ್ಟು ಸಂಯೋಜಿತ ವಸ್ತುವಾಗಿದ್ದು, ಅದರ ಘಟಕಗಳ ಅಭಿವೃದ್ಧಿಯಲ್ಲಿ ಈ ಪ್ರಯೋಗಾಲಯದ ಪಾತ್ರ ಹಿರಿದು.

ಲೋಹದ ಬದಿಯ ಅನುಭವ ಚಿಕ್ಕೋಡಿ ಸೀಮೆಯ ನೆರೆಯಲ್ಲಿಯೇ ಬೆಳೆಯುತ್ತಿದೆ. ನಿಪ್ಪಾಣಿಯ ಮೂಲಕ ಹಾಯುವ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಸಾಗಿದರೆ ಸಿಗುವ ಹುಕ್ಕೇರಿ ತಾಲೂಕಿನ ಹತ್ತರಗಿಯಲ್ಲಿ ವೈಮಾನಿಕ ಬಿಡಿಭಾಗಗಳ ವಿಶೇಷ ಆರ್ಥಿಕ ವಲಯವಿದೆ. ಸುಮಾರು 250 ಎಕರೆಯ ಈ ವಲಯದಲ್ಲಿ ಲೋಹವನ್ನು ಕಡೆಯುವ, ತಗಡು ರೂಪಿಸುವ, ಮೇಲ್ಮೈ ಸಂಸ್ಕರಿಸುವ ಕೆಲಸಗಳು ನಡೆಯುತ್ತವೆ. ಲೋಹ–ನಾರು ಪದರಗಳ ಬೆಸುಗೆಗೆ ಅಡಿಪಾಯವಾದ ಮೇಲ್ಮೈ ಸಂಸ್ಕರಣೆಯ ಶಿಸ್ತು ಈ ಭಾಗದ ದುಡಿಮೆಗಾರರಿಗೆ ಹತ್ತಿರದಲ್ಲಿಯೇ ಕಲಿಯಲು ದೊರೆಯುತ್ತಿದೆ ಎಂಬುದು ಗಮನಿಸಬೇಕಾದ ಅಂಶ. 1998ರಲ್ಲಿ ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕೇಂದ್ರ ಬೆಳಗಾವಿಯಲ್ಲಿದ್ದು, ಚಿಕ್ಕೋಡಿ ಮತ್ತು ನಿಪ್ಪಾಣಿಗಳಲ್ಲಿಯೂ ತಾಂತ್ರಿಕ ಮಹಾವಿದ್ಯಾಲಯಗಳಿವೆ. ತೂಕ ಬೀಳಿಸುವ ಪರೀಕ್ಷೆಯ ಉಪಕರಣ ರಚನೆಯಲ್ಲಿ ಸರಳವಾದುದು. ಅಂತಹ ವಿದ್ಯಾಲಯಗಳ ಅಧ್ಯಯನಕ್ಕೆ ಇದು ಸೂಕ್ತ ವಿಷಯ.

ಸ್ಥಳೀಯ ನಾರುಗಳ ಸಾಧ್ಯತೆಯೂ ಪರಿಶೀಲನಾರ್ಹ. ಉತ್ತರ ಕರ್ನಾಟಕದ ರೈತರು ಹಗ್ಗಕ್ಕಾಗಿ ಬಳಸುತ್ತ ಬಂದ ಪುಂಡಿ ಮತ್ತು ಕತ್ತಾಳೆ ನಾರುಗಳನ್ನು ಅಲ್ಯೂಮಿನಿಯಂ ತಗಡುಗಳ ನಡುವೆ ಬೆಸೆಯುವ ಪ್ರಯೋಗಗಳು ವಿವಿಧ ದೇಶಗಳಲ್ಲಿ ನಡೆದಿವೆ. ಸಸ್ಯದ ನಾರು ತೇವ ಹೀರಿ ಉಬ್ಬುವುದರಿಂದ ಬೆಸುಗೆ ಸಡಿಲವಾಗುವುದು ಇಲ್ಲಿನ ಮುಖ್ಯ ತೊಡಕು. ಕ್ಷಾರದಲ್ಲಿ ನಾರನ್ನು ಸಂಸ್ಕರಿಸಿ ಇದನ್ನು ಸ್ವಲ್ಪಮಟ್ಟಿಗೆ ತಗ್ಗಿಸಬಹುದು. ಇಂತಹ ವಸ್ತು ವಿಮಾನಕ್ಕೆ ಒದಗದಿದ್ದರೂ, ಕಬ್ಬು ಸಾಗಿಸುವ ಟ್ರೇಲರ್‌ನ ಪಕ್ಕದ ಹಲಗೆ ಅಥವಾ ಟ್ರ್ಯಾಕ್ಟರಿನ ಹೊದಿಕೆಯಂತಹ, ನಿತ್ಯ ಪೆಟ್ಟು ತಿನ್ನುವ ಆದರೆ ಪ್ರಾಣಾಪಾಯಕ್ಕೆ ಆಸ್ಪದವಿಲ್ಲದ ಭಾಗಗಳಲ್ಲಿ ಪರೀಕ್ಷೆಗೆ ಅರ್ಹವಾಗಿದೆ.

ಉಪಸಂಹಾರ

ಲೋಹ ಮತ್ತು ನಾರುಗಳನ್ನು ಪದರಪದರವಾಗಿ ಬೆಸೆದಾಗ ದೊರೆಯುವ ಆಘಾತ ಸಹಿಷ್ಣುತೆ ಎರಡರ ಬಲಗಳ ಬರಿಯ ಮೊತ್ತವಲ್ಲ. ಲೋಹ ತಗ್ಗಾಗಿ ಶಕ್ತಿಯನ್ನು ವ್ಯಯಿಸುತ್ತದೆ, ನಾರು ಆ ವಿರೂಪವನ್ನು ಹರಡಿ ಬಿರುಕನ್ನು ತಡೆಯುತ್ತದೆ. ಇವೆರಡನ್ನೂ ಒಂದಾಗಿಸುವುದು ಕಣ್ಣಿಗೆ ಕಾಣದ ಬೆಸುಗೆ. ಬೆಸುಗೆ ಇರುವವರೆಗೆ ಮಾತ್ರ ವಸ್ತು ಒಂದು. ಅದು ಬಿಟ್ಟ ಮೇಲೆ ಉಳಿಯುವುದು ಬಿಡಿ ಪದರಗಳಷ್ಟೇ. ಆದ್ದರಿಂದ ಪೆಟ್ಟು ತಾಳುವ ವಸ್ತುವನ್ನು ತಯಾರಿಸುವ ವಿದ್ಯೆಯಷ್ಟೇ, ಪೆಟ್ಟು ತಿಂದ ವಸ್ತುವನ್ನು ಸರಿಯಾಗಿ ಪರೀಕ್ಷಿಸುವ ವಿದ್ಯೆಯೂ ಬೆಳೆಯಬೇಕಾಗಿದೆ. ಚಿಕ್ಕೋಡಿ ಸೀಮೆಯ ಕಮ್ಮಾರನು ಹಳಿಯನ್ನು ಬಡಿದು ಕಿವಿಗೊಟ್ಟು ಕೇಳಿದುದು ಇದೇ ವಿದ್ಯೆಯ ಆರಂಭದ ಪಾಠ. ಶ್ರವಣಾತೀತ ಉಪಕರಣ ಹಿಡಿದ ಇಂದಿನ ತಂತ್ರಜ್ಞನು ಮಾಡುತ್ತಿರುವುದೂ ಅದರ ಮುಂದುವರಿಕೆಯನ್ನೇ.